ಗಡಿ ದಾಟುವ ಮಗುವಿಗೆ ಕಾಗದದ ಬೇಲಿ ಏಕೆ?

ಬೆಳಗಾವಿ ಜಿಲ್ಲೆಯ ಕಾಗವಾಡದಿಂದ ಸಾಂಗಲಿ ಜಿಲ್ಲೆಯ ಮಿರಜಕ್ಕೆ ಅರ್ಧ ಗಂಟೆಯ ದಾರಿ. ಎರಡೂ ಊರುಗಳಲ್ಲಿ ಬಸದಿಗಳಿವೆ, ಕನ್ನಡ ಮರಾಠಿ ಎರಡನ್ನೂ ಬಲ್ಲ ಜೈನ ಮನೆತನಗಳಿವೆ, ಈ ಮನೆಗಳ ನಡುವೆ ಹೆಣ್ಣು ತರುವ, ಕೊಡುವ ಸಂಬಂಧ ತಲೆಮಾರುಗಳಿಂದ ನಡೆದುಬಂದಿದೆ. ಮದುವೆಯ ದಿಬ್ಬಣ ಈ ಗಡಿಯನ್ನು ದಾಟುವಾಗ ಯಾರೂ ಕಾಗದ ಕೇಳುವುದಿಲ್ಲ. ಆದರೆ ತಂದೆಯ ಕೆಲಸದ ನಿಮಿತ್ತ ಆರನೆಯ ತರಗತಿಯ ಮಗುವೊಂದು ಇದೇ ಗಡಿಯನ್ನು ದಾಟಿದರೆ, ಹೊಸ ಶಾಲೆಯ ಬಾಗಿಲಲ್ಲಿ ಮೊದಲು ಎದುರಾಗುವ ಪ್ರಶ್ನೆ ‘ಏನು ಓದಿದ್ದೀಯೆ’ ಎಂಬುದಲ್ಲ, ‘ಟಿ.ಸಿ. ತಂದಿದ್ದೀರಾ’ ಎಂಬುದು.

ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಈ ಪ್ರಶ್ನೆ ಹೊಸದಲ್ಲ. ಊರಿನ ಶಾಲೆಯಿಂದ ವರ್ಗಾವಣೆ ಪತ್ರ ತರಲು ಒಮ್ಮೆ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಲು ಇನ್ನೊಮ್ಮೆ, ಹೆಸರಿನ ಅಕ್ಷರ ತಿದ್ದಿಸಲು ಮತ್ತೊಮ್ಮೆ ಪ್ರಯಾಣ ಮಾಡಿದ ತಂದೆತಾಯಿಗಳು ಈ ಸಮಾಜದಲ್ಲಿ ಬಹಳ ಮಂದಿ. ಕರ್ನಾಟಕದ ಶಾಲೆಗಳು ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ತೆರೆದರೆ ಮಹಾರಾಷ್ಟ್ರದ ಹೆಚ್ಚಿನ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಈ ಅಂತರದಲ್ಲಿ ಕಾಗದ ಕೈಸೇರದಿದ್ದರೆ ಮಗುವಿನ ವರ್ಷವೇ ಅಲುಗಾಡುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆಂದು ಹಲವರು ಭಾವಿಸಿದ್ದಾರೆ. ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 5ನೆಯ ಕಲಮು ಮಗು ಯಾವ ಕಾರಣಕ್ಕಾಗಿಯೇ ಆಗಲಿ, ರಾಜ್ಯದ ಒಳಗಾಗಲಿ ಹೊರಗಾಗಲಿ, ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾದಾಗ ವರ್ಗಾವಣೆ ಕೋರುವುದು ಅದರ ಹಕ್ಕು ಎನ್ನುತ್ತದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಪತ್ರ ತಡವಾಯಿತೆಂಬುದು ಹೊಸ ಶಾಲೆ ಪ್ರವೇಶವನ್ನು ತಡೆಯಲು ಅಥವಾ ಮುಂದೂಡಲು ಕಾರಣವಾಗಲಾರದು. ತಡಮಾಡಿದ ಮುಖ್ಯೋಪಾಧ್ಯಾಯರು ಶಿಸ್ತು ಕ್ರಮಕ್ಕೆ ಗುರಿಯಾಗುತ್ತಾರೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು 14ನೆಯ ಕಲಮು ಹೇಳಿದರೆ, ವರ್ಷದ ನಡುವೆ ಬಂದ ಮಗುವನ್ನೂ ಹಿಂದಿರುಗಿಸಬಾರದೆಂದು 15ನೆಯ ಕಲಮು ಹೇಳುತ್ತದೆ.

ಇಷ್ಟು ಸ್ಪಷ್ಟವಾದ ಕಾನೂನು ಇದ್ದೂ ಪೋಷಕರು ಅಲೆಯುವುದೇಕೆ? ಅದಕ್ಕೆ ಮೊದಲ ಕಾರಣ ಕಾನೂನಿನ ಅಂಚಿನಲ್ಲೇ ಇದೆ. ಈ ಹಕ್ಕು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ, ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಮಾತ್ರ. ಒಂಬತ್ತು, ಹತ್ತನೆಯ ತರಗತಿಯ ಮಗು ಇದರ ಹೊರಗೆ ನಿಲ್ಲುತ್ತದೆ. ಜೊತೆಗೆ, ಮಗು ಸೇರಬಯಸುವ ಶಾಲೆ ಅನುದಾನರಹಿತ ಖಾಸಗಿ ಶಾಲೆಯಾದರೆ ವರ್ಗಾವಣೆಯ ಈ ಹಕ್ಕು ಅನ್ವಯಿಸುವುದಿಲ್ಲ.

ಎರಡನೆಯ ಕಾರಣ ಕಚೇರಿಯ ರೂಢಿ. ಅಂತರರಾಜ್ಯ ವರ್ಗಾವಣೆಗೆ ಮೇಲುರುಜು ಬೇಕೆಂಬ ಹಳೆಯ ಪದ್ಧತಿ ಇನ್ನೂ ಹಲವು ಕಡೆ ಉಳಿದಿದೆ. ಅದರ ಮೇಲೆ ಈಗ ಗಣಕದ ಬೇಲಿಯೂ ಎದ್ದಿದೆ. ಕರ್ನಾಟಕದ ಮಗುವಿನ ವಿವರ ಸ್ಯಾಟ್ಸ್ ವ್ಯವಸ್ಥೆಯಲ್ಲಿರುತ್ತದೆ, ಮಹಾರಾಷ್ಟ್ರದ್ದು ಸರಲ್ ವ್ಯವಸ್ಥೆಯಲ್ಲಿ. ಇವೆರಡರ ಮೇಲೆ ಕೇಂದ್ರದ ಯುಡೈಸ್ ಪ್ಲಸ್ ಇದೆ. ಹಳೆಯ ಶಾಲೆ ಮಗುವಿನ ಹೆಸರನ್ನು ತನ್ನ ಪಟ್ಟಿಯಿಂದ ಬಿಟ್ಟುಕೊಡದೆ ಹೊಸ ಶಾಲೆಯ ಪಟ್ಟಿಗೆ ಅದು ಸೇರದು. ಕಾಗದ ಕೈಯಲ್ಲಿದ್ದರೂ ಗಣಕದಲ್ಲಿ ಮಗು ಹಳೆಯ ಊರಿನಲ್ಲೇ ಕುಳಿತಿರುತ್ತದೆ.

ಮೂರನೆಯದು ಹೆಸರಿನ ಗೊಂದಲ. ಕರ್ನಾಟಕದಲ್ಲಿ ಹೆಸರಿನ ಜೊತೆ ಇನಿಷಿಯಲ್ ಬರೆಯುವ ರೂಢಿ ಹೆಚ್ಚು. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಆಧಾರಿನಲ್ಲಿ ಒಂದು ಬಗೆ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ ಇದ್ದರೆ ತಿದ್ದುಪಡಿಯ ಅಲೆದಾಟ ಆರಂಭವಾಗುತ್ತದೆ. ಧರ್ಮ, ಜಾತಿಯ ಕಾಲಮಿನಲ್ಲಿ ಏನು ಬರೆದಿದೆ ಎಂಬುದು ಇನ್ನೂ ಮುಖ್ಯ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ 3ಬಿ ಪ್ರವರ್ಗದಲ್ಲಿ ದಿಗಂಬರ ಜೈನರ ಹೆಸರಿದೆ. ಶಾಲೆಯ ದಾಖಲೆಯಲ್ಲಿ ಅದು ಸರಿಯಾಗಿ ನಮೂದಾಗದಿದ್ದರೆ ಹತ್ತು ವರ್ಷಗಳ ನಂತರ ಮಗು ಕಾಲೇಜಿನ ಬಾಗಿಲಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಗಡಿ ದಾಟಿದ ಬೆಲೆ ಅಲ್ಲಿಗೂ ಮುಗಿಯುವುದಿಲ್ಲ. ಮಹಾರಾಷ್ಟ್ರದಲ್ಲಿ ರಾಜ್ಯ ಕೋಟಾದ ವೈದ್ಯಕೀಯ ಸೀಟಿಗೆ ಹತ್ತು ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಆ ರಾಜ್ಯದಲ್ಲೇ ಮುಗಿಸಿರಬೇಕೆಂಬುದು ಸಾಮಾನ್ಯ ನಿಯಮ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ರಾಜ್ಯದೊಳಗೆ ಕನಿಷ್ಠ 7 ವರ್ಷ ಓದಿರಬೇಕೆಂಬುದು ಮುಖ್ಯ ಅರ್ಹತೆ. ಚಿಕ್ಕೋಡಿಯಲ್ಲಿ ಹತ್ತನೆಯದನ್ನು ಮುಗಿಸಿ ಪುಣೆಯಲ್ಲಿ ಹನ್ನೆರಡನೆಯದನ್ನು ಓದಿದ ಹುಡುಗಿಯ ಮುಂದೆ ಮಹಾರಾಷ್ಟ್ರದ ಬಾಗಿಲು ಹೀಗೆ ಮುಚ್ಚಿಕೊಳ್ಳುತ್ತದೆ. ತಂದೆಯ ವರ್ಗಾವಣೆಯ ದಿನ ಈ ಲೆಕ್ಕವನ್ನು ಹಾಕುವ ಕುಟುಂಬಗಳು ಎಷ್ಟಿದ್ದಾವು?

ನಿಯಮಗಳ ಪರವಾಗಿ ಹೇಳಬೇಕಾದ ಮಾತೂ ಉಂಟು. ಒಂದೇ ಮಗು ಎರಡು ಶಾಲೆಗಳ ಹಾಜರಿಯಲ್ಲಿದ್ದರೆ ಬಿಸಿಯೂಟದ ಲೆಕ್ಕ, ಪುಸ್ತಕದ ಲೆಕ್ಕ, ಶಿಕ್ಷಕರ ಹುದ್ದೆಯ ಲೆಕ್ಕ ಎಲ್ಲವೂ ಸುಳ್ಳಾಗುತ್ತವೆ. ಸರಕಾರ ಅದನ್ನು ತಡೆಯುವುದು ನ್ಯಾಯವೇ. ಪತ್ರ ಕೊಡಲು ಹಿಂಜರಿಯುವ ಮುಖ್ಯೋಪಾಧ್ಯಾಯರೆಲ್ಲರೂ ದುಷ್ಟರೂ ಅಲ್ಲ. ಶಿಕ್ಷಕರ ಹುದ್ದೆಗಳು ಮಕ್ಕಳ ಸಂಖ್ಯೆಯನ್ನು ಅವಲಂಬಿಸಿವೆ. ಜತ್ತ, ಅಕ್ಕಲಕೋಟೆ ತಾಲೂಕುಗಳ ಚಿಕ್ಕ ಕನ್ನಡ ಶಾಲೆಯಿಂದ ನಾಲ್ಕು ಮಕ್ಕಳು ಹೋದರೆ ಒಬ್ಬ ಶಿಕ್ಷಕರ ಹುದ್ದೆಯೇ ಹೋದೀತೆಂಬ ಭಯ ಅಲ್ಲಿನ ಗುರುಗಳಿಗೆ ಇರುವುದು ಸಹಜ. ಆ ಭಯವನ್ನು ದೂರಮಾಡಬೇಕಾದದ್ದು ಸರಕಾರ. ವರ್ಷಕ್ಕೊಂದು ನಿಶ್ಚಿತ ದಿನದ ಸಂಖ್ಯೆಯನ್ನು ಹಿಡಿದು ಆ ವರ್ಷಪೂರ್ತಿ ಹುದ್ದೆಯನ್ನು ಕಾಯ್ದಿಟ್ಟರೆ ನಡುವೆ ಹೋಗುವ ಮಗುವನ್ನು ಯಾರೂ ಒತ್ತೆ ಇಟ್ಟುಕೊಳ್ಳಬೇಕಾಗುವುದಿಲ್ಲ. ಲೆಕ್ಕದ ಶುದ್ಧಿಗಾಗಿ ಮಗುವಿನ ಕಲಿಕೆಯನ್ನು ನಿಲ್ಲಿಸುವುದು ಮಾತ್ರ ಯಾವ ನ್ಯಾಯಕ್ಕೂ ಸಲ್ಲದು.

ಸರಕಾರದ ಕಡೆಗೆ ಬೆರಳು ತೋರುವ ಮುನ್ನ ಜೈನ ಸಮಾಜ ತನ್ನ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಅನುದಾನಿತವಾಗಲಿ ಅಲ್ಲದಿರಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಸಂದೇಹಿಸಿ ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಬಿಟ್ಟಿತು. ನ್ಯಾಯಾಲಯದ ಅಂತಿಮ ಮಾತು ಏನೇ ಆಗಲಿ, ಅಲ್ಪಸಂಖ್ಯಾತ ಮಾನ್ಯತೆ ಪಡೆದ ಜೈನ ಶಾಲೆಗಳು ವರ್ಗಾವಣೆ ಪತ್ರವನ್ನು ಕೂಡಲೇ ಕೊಡುವ ಕಟ್ಟಳೆಯನ್ನು ತಾವಾಗಿಯೇ ವ್ರತದಂತೆ ಸ್ವೀಕರಿಸಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಬಾಕಿ ಶುಲ್ಕವನ್ನು ವಸೂಲು ಮಾಡಲು ಬೇರೆ ದಾರಿಗಳಿವೆ. ಮಗುವಿನ ದಾಖಲೆಯನ್ನು ಅಡವಿಟ್ಟುಕೊಳ್ಳುವುದು ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ಶೋಭೆಯಲ್ಲ.

ಇನ್ನೊಂದು ಕಹಿಯಾದ ಮಾತಿದೆ. ಶಿರೋಳ, ಹಾತಕಣಂಗಲೆ, ಚಿಕ್ಕೋಡಿ, ಅಥಣಿಗಳ ಕಬ್ಬಿನ ಹೊಲಗಳಲ್ಲಿ ಅನೇಕವು ಜೈನ ರೈತರವು. ದೀಪಾವಳಿಯ ಸುಮಾರಿಗೆ ಬೀಡ ಮುಂತಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ತಂದೆತಾಯಿ ಕೊಯ್ತಾ ಹಿಡಿದು ಹೊಲದಲ್ಲಿದ್ದರೆ ಮಕ್ಕಳು ಗುಡಿಸಲಿನ ಬಳಿ ತಮ್ಮಂದಿರನ್ನು ಕಾಯುತ್ತಿರುತ್ತಾರೆ. ಹಂಗಾಮು ಮುಗಿಯುವಾಗ ಊರಿನ ಶಾಲೆಯಲ್ಲಿ ಅವರ ವರ್ಷವೂ ಮುಗಿದಿರುತ್ತದೆ. ಹೀಗೆ ಗುಳೆ ಹೋಗುವ ಮಕ್ಕಳಿಗೆಂದೇ ಮಹಾರಾಷ್ಟ್ರದಲ್ಲಿ ಶಿಕ್ಷಣ ಹಮಿ ಕಾರ್ಡಿನ ವ್ಯವಸ್ಥೆಯಿದೆ. ಆ ಕಾರ್ಡು ರಾಜ್ಯದ ಗಡಿ ದಾಟಿ ಅಥಣಿಯ ಕನ್ನಡ ಶಾಲೆಗೆ ಬಂದಾಗ ಅದನ್ನು ಓದಿ ಒಪ್ಪಿಕೊಳ್ಳುವವರು ಬೇಕಲ್ಲವೇ? ತನ್ನ ಮಗುವಿನ ಟಿ.ಸಿ.ಗಾಗಿ ಕಳವಳಗೊಳ್ಳುವ ಶ್ರಾವಕನ ಹೊಲದ ಬದುವಿನಲ್ಲೇ ಶಾಲೆಯಿಲ್ಲದ ಮಗು ಕುಳಿತಿದ್ದರೆ ಆ ಕಳವಳ ಅರ್ಧ ಧರ್ಮ ಮಾತ್ರ. ಗ್ಯಾಂಗಿನ ಮುಕಾದಮನಿಗೆ ಮುಂಗಡ ಎಣಿಸಿಕೊಡುವ ದಿನವೇ ಗ್ಯಾಂಗಿನ ಮಕ್ಕಳನ್ನು ಊರ ಶಾಲೆಗೆ ಸೇರಿಸುವ ಮಾತನ್ನೂ ಆಡಬಹುದು. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ.

ಸರಕಾರಗಳ ಮುಂದೆ ಇಡಬೇಕಾದ ಬೇಡಿಕೆಗಳು ನಾಲ್ಕು. ಮೊದಲನೆಯದಾಗಿ, ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಿಗೂ ಅವುಗಳ ನೆರೆಯ ಮಹಾರಾಷ್ಟ್ರದ ಜಿಲ್ಲೆಗಳಿಗೂ ಅನ್ವಯಿಸುವಂತೆ ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಒಂದು ಒಪ್ಪಂದ ಮಾಡಿಕೊಂಡು ಮೇಲುರುಜಿನ ಪದ್ಧತಿಯನ್ನು ಕೈಬಿಡಬೇಕು. ಎರಡನೆಯದಾಗಿ, ಹಳೆಯ ಶಾಲೆ ನಿಗದಿತ ದಿನಗಳೊಳಗೆ ಗಣಕದಲ್ಲಿ ಹೆಸರನ್ನು ಬಿಟ್ಟುಕೊಡದಿದ್ದರೆ ಅದು ತಾನಾಗಿಯೇ ಹೊಸ ಶಾಲೆಗೆ ಸೇರುವಂತಾಗಬೇಕು. ಮೂರನೆಯದಾಗಿ, 5ನೆಯ ಕಲಮಿನ ರಕ್ಷಣೆಯನ್ನು ಹತ್ತನೆಯ ತರಗತಿಯವರೆಗೆ ವಿಸ್ತರಿಸಬೇಕು. ನಾಲ್ಕನೆಯದಾಗಿ, ನಡುವೆ ಬಂದ ಮಗುವಿಗೆ ರಾಜ್ಯಭಾಷೆಯನ್ನು ಕಲಿಯಲು ಕಾಲಾವಕಾಶ ಬೇಕು. ಕನ್ನಡ ಕಲಿಕೆಯ 2015ರ ಕರ್ನಾಟಕದ ಕಾಯ್ದೆಯೂ ಮರಾಠಿ ಕಲಿಕೆಯ 2020ರ ಮಹಾರಾಷ್ಟ್ರದ ಕಾಯ್ದೆಯೂ ತಮ್ಮ ತಮ್ಮ ಭಾಷೆಯ ಗೌರವಕ್ಕಾಗಿ ಬಂದವು. ಏಳನೆಯ ತರಗತಿಗೆ ಹೊಸದಾಗಿ ಬಂದ ಮಗು ಒಂದೇ ವರ್ಷದಲ್ಲಿ ಆ ಭಾಷೆಯ ಪರೀಕ್ಷೆಯನ್ನು ಎದುರಿಸಬೇಕಾದರೆ ಆ ಗೌರವ ಹೆಚ್ಚುವುದಿಲ್ಲ.

ಎರಡು ರಾಜ್ಯಗಳ ಗಡಿ ವಿವಾದಕ್ಕೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಿಂದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಅದು ತೀರುವವರೆಗೆ ಮಕ್ಕಳು ಕಾಯಲಾರರು. ಯಾವ ಊರು ಯಾರದೆಂಬುದನ್ನು ಮುಟ್ಟದೆಯೇ ಮಕ್ಕಳ ವರ್ಗಾವಣೆಯ ಒಪ್ಪಂದವನ್ನು ಮಾಡಿಕೊಳ್ಳಬಹುದು.

ದಕ್ಷಿಣ ಮಹಾರಾಷ್ಟ್ರ ಜೈನ ಸಭೆ 1899ರಲ್ಲಿ ಹುಟ್ಟಿದ್ದು ನಿಪ್ಪಾಣಿಯ ಸಮೀಪದ ಸ್ತವನಿಧಿಯಲ್ಲಿ, ಅಂದರೆ ಇಂದಿನ ಕರ್ನಾಟಕದ ನೆಲದಲ್ಲಿ. ಆಗಲೂ ಬ್ರಿಟಿಷ್ ಪ್ರಾಂತ್ಯ, ಸಂಸ್ಥಾನಗಳೆಂಬ ಗಡಿಗಳಿದ್ದವು. ಆ ಹಿರಿಯರು ಗಡಿಗಳನ್ನು ಲೆಕ್ಕಿಸದೆ ಬಡ ಹುಡುಗರ ಓದಿನ ಚಿಂತೆ ಮಾಡಿದರು, ಬೋರ್ಡಿಂಗುಗಳನ್ನು ಕಟ್ಟಿದರು. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸೂರಿನಡಿ ಓದಿಸಿದರು. ಆ ಪರಂಪರೆಯ ಸಮಾಜ ಇಂದು ಮಾಡಬಹುದಾದ ಕೆಲಸ ಸಣ್ಣದು. ಪ್ರತಿ ಬೋರ್ಡಿಂಗಿನಲ್ಲಿ, ಪುಣೆ ಮುಂಬಯಿಗಳ ಪ್ರತಿ ಸಮಾಜ ಭವನದಲ್ಲಿ ಜೂನ್ ತಿಂಗಳು ಒಬ್ಬರು ಕುಳಿತು, ಬಂದ ಪೋಷಕರಿಗೆ 5ನೆಯ ಕಲಮನ್ನು ಓದಿ ಹೇಳಿ, ಅರ್ಜಿ ಬರೆದುಕೊಡಬಹುದು. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಅರ್ಜಿ ಬರೆಸಲು ಬಂದವರು ಯಾವ ಜಾತಿಯವರೆಂದು ಕೇಳದೆ ಮಾಡಿದರೆ ಇದೂ ಅದೇ ದಾನ.