ಬಟ್ಟೆಗೆ ಬಣ್ಣ, ಹೊಳೆಗೆ ವಿಷ

ಹೊಸ ಬಟ್ಟೆಯನ್ನು ಮೊದಲ ಸಲ ನೆನೆಸಿದಾಗ ಬಕೆಟ್ಟಿನ ನೀರು ಕೆಂಪೋ ನೀಲಿಯೋ ಆಗುವುದನ್ನು ನೀವು ನೋಡಿಯೇ ಇರುತ್ತೀರಿ. ನಾವು ಚೆಲ್ಲುವುದು ಒಂದು ಬಕೆಟ್. ಆ ಬಟ್ಟೆಗೆ ಬಣ್ಣ ಹಾಕಿದ ಊರಿನಲ್ಲಿ ಹರಿದ ನೀರೆಷ್ಟು?

ಹತ್ತಿಬಟ್ಟೆಗೆ ಹಾಕುವ ರಾಸಾಯನಿಕ ಬಣ್ಣ ಪೂರ್ತಿಯಾಗಿ ನೂಲಿಗೆ ಹಿಡಿಯುವುದಿಲ್ಲ. ಉಳಿದದ್ದು ಹೇರಳ ಉಪ್ಪಿನೊಂದಿಗೆ ಹೊರಬರುತ್ತದೆ. ಬೆಂಗಳೂರಿನ ಗಲ್ಲಿಯ ಸಣ್ಣ ಘಟಕವೊಂದು ಅದನ್ನು ಶುದ್ಧೀಕರಿಸದೆ ಚರಂಡಿಗೆ ಬಿಟ್ಟರೆ ವೃಷಭಾವತಿ, ಅರ್ಕಾವತಿಗಳ ದಾರಿಯಲ್ಲಿ ಕಾವೇರಿಗೇ ಸೇರುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟು, ಬಾವಿಗಳು ಉಪ್ಪಾಗಿ, ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು.

ಮೊದಲ ಪೆಟ್ಟು ಬೀಳುವುದು ಕೆಲಸಗಾರರಿಗೆ. ಪುಡಿ ಉಸಿರಿಗೆ ಹೋಗಿ ದಮ್ಮು ಬರಬಹುದು. ಬರಿಗೈಯಲ್ಲಿ ಅದ್ದಿದರೆ ತುರಿಕೆ, ಚರ್ಮ ಬಿರಿಯುವುದು. ಬೆಂಜಿಡಿನ್‌ನಿಂದ ತಯಾರಾದ ಬಣ್ಣಗಳಿಗೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿದೆ. ಇಂಥ 112 ಬಣ್ಣಗಳನ್ನು ಕೇಂದ್ರ ಸರ್ಕಾರ 1990ರ ದಶಕದಲ್ಲೇ ನಿಷೇಧಿಸಿತು. ಆದರೆ ಹೆಸರು, ಲೇಬಲ್ ಇಲ್ಲದ ಪುಡಿಯನ್ನು ಕಲಸುವವರಿಗೆ ಆ ಪಟ್ಟಿಯಿಂದ ಏನು ರಕ್ಷಣೆ?

ಇದು ದೂರದ ಊರಿನ ಮಾತೆನ್ನಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಅಡಿಕೆ ಬೇಯಿಸಿದ ಚೊಗರು ಪಂಚೆಗೆ ತಾಗಿದರೆ ಎಷ್ಟು ತಿಕ್ಕಿದರೂ ಹೋಗದೆಂದು ನಿಮಗೆ ಗೊತ್ತು. ಆ ಕಲೆಯೇ ಒಳ್ಳೆಯ ಬಣ್ಣ! ನೆರೆಯ ಸಾಗರ ತಾಲ್ಲೂಕಿನಲ್ಲಿ 1996ರಲ್ಲಿ ಆರಂಭವಾದ ‘ಚರಕ’ದ ಮಹಿಳೆಯರು ಚೊಗರಿನಿಂದ ನೂಲಿಗೆ ಬಣ್ಣ ಕಟ್ಟಿ ತೋರಿಸಿದ್ದಾರೆ. ನಮ್ಮ ಸಹಕಾರಿ ಸಂಘಗಳು ಅಡಿಕೆಯಂತೆ ಚೊಗರನ್ನೂ ಕೊಂಡು, ನೇಕಾರರಿಗೆ ತಲುಪಿಸುವ ಏರ್ಪಾಡು ಮಾಡಬೇಕು.

ಒಂದು ಎಚ್ಚರಿಕೆ. ನೈಸರ್ಗಿಕವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಬಣ್ಣ ಕಚ್ಚಿಸಲು ಕ್ರೋಮ್ ಅಥವಾ ಮೈಲುತುತ್ತ ಬಳಸಿದರೆ ಆ ನೀರೂ ವಿಷವೇ. ಮೈಲುತುತ್ತ ಮೀನಿಗೆ ಎಂಥದ್ದೆಂದು ತೋಟಕ್ಕೆ ಔಷಧಿ ಹೊಡೆಸುವವರಿಗೆ ಹೇಳಬೇಕಿಲ್ಲ. ಪಟಿಕ ಎಷ್ಟೋ ವಾಸಿ.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು: ಹೊಸ ಬಟ್ಟೆಯನ್ನು, ಅದರಲ್ಲೂ ಎಳೆಮಕ್ಕಳದ್ದನ್ನು, ಬೇರೆಯಾಗಿ ಒಗೆದೇ ತೊಡಿಸಿ. ಬಣ್ಣ ಹಾಕುವುದಿದ್ದರೆ ರಬ್ಬರ್ ಕೈಚೀಲ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ; ಅಡುಗೆಯ ಪಾತ್ರೆ ಮುಟ್ಟಬೇಡಿ. ಬಣ್ಣದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ಕೂಡಲೇ ವೈದ್ಯರಿಗೆ ತೋರಿಸಿ.

ಅಘನಾಶಿನಿ, ಬೇಡ್ತಿಗಳ ನೀರು ಇನ್ನೂ ನೀರಿನ ಬಣ್ಣದಲ್ಲೇ ಇದೆ. ಅದು ಹಾಗೆಯೇ ಉಳಿಯಲಿ.