ಹೈಕೋರ್ಟಿನ ಅಧಿಕಾರ ಮತ್ತು ಅದರ ದೂರ

ಸರ್ಕಾರದ ಆದೇಶವನ್ನು ಹೈಕೋರ್ಟ್ ರದ್ದುಪಡಿಸಿತು ಎಂಬ ಸುದ್ದಿ ಈಗ ಯಾರಿಗೂ ಹೊಸದಲ್ಲ. ಆದರೆ ಈ ಅಧಿಕಾರ ಎಲ್ಲ ಹೈಕೋರ್ಟುಗಳಿಗೆ ಬಂದದ್ದು ಸಂವಿಧಾನದಿಂದ. ಬ್ರಿಟಿಷರ ಕಾಲದಲ್ಲಿ ಸರ್ಷಿಯೊರರಿಯಂಥ ರಿಟ್‌ಗಳು ಕಲ್ಕತ್ತಾ, ಮದ್ರಾಸ್, ಬೊಂಬಾಯಿ ಹೈಕೋರ್ಟುಗಳ ಕೈಯಲ್ಲಿ ಮಾತ್ರ ಇದ್ದವು. ಅದೂ ಬಹುಮಟ್ಟಿಗೆ ಆ ನಗರಗಳ ಎಲ್ಲೆಯೊಳಗೆ.

ಇದರ ಬಿಸಿ ತಟ್ಟಿದ್ದು ಗಂಜಾಂ ಜಿಲ್ಲೆಯ ರೈತರಿಗೆ. ಪರ್ಲಾಕಿಮಿಡಿ ಜಮೀನ್ದಾರಿಯ ಗೇಣಿ ಕುರಿತು ರೆವಿನ್ಯೂ ಬೋರ್ಡ್ ಕೊಟ್ಟ ತೀರ್ಮಾನವನ್ನು ಅವರು ಪ್ರಶ್ನಿಸಿದರು. ಬೋರ್ಡ್ ಇದ್ದದ್ದು ಮದ್ರಾಸಿನಲ್ಲೇ. ಆದರೂ ಜಮೀನು ಮತ್ತು ಕಕ್ಷಿದಾರರು ನಗರದ ಹೊರಗಿನವರಾದ್ದರಿಂದ ಮದ್ರಾಸ್ ಹೈಕೋರ್ಟ್ ರಿಟ್ ಹೊರಡಿಸುವಂತಿಲ್ಲ ಎಂದು 1943ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು.

1950ರಲ್ಲಿ 226ನೇ ವಿಧಿ ಈ ಗೋಡೆಯನ್ನು ಕೆಡವಿತು. ಮೂಲಭೂತ ಹಕ್ಕುಗಳಿಗಷ್ಟೇ ಅಲ್ಲ, ಬೇರೆ ಯಾವುದೇ ಉದ್ದೇಶಕ್ಕೂ ರಿಟ್ ಹೊರಡಿಸಬಹುದೆಂದಿತು. ಈ ಮಟ್ಟಿಗೆ ಹೈಕೋರ್ಟಿನ ಬಾಗಿಲು ಸುಪ್ರೀಂ ಕೋರ್ಟಿನ 32ನೇ ವಿಧಿಗಿಂತ ಅಗಲ. ಆದರೂ ದೂರದ ತಕರಾರು ಮುಗಿಯಲಿಲ್ಲ. ಚುನಾವಣಾ ಆಯೋಗ ದೆಹಲಿಯಲ್ಲಿದೆ, ಮದ್ರಾಸ್ ಹೈಕೋರ್ಟಿನ ರಿಟ್ ಅಲ್ಲಿಗೆ ತಲುಪದು ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವ್ಯಾಜ್ಯದ ಕಾರಣ ಹುಟ್ಟಿದ ಊರಿನ ಹೈಕೋರ್ಟಿಗೇ ಹೋಗಬಹುದೆಂದು ಸಂಸತ್ತು ಬರೆದದ್ದು 1963ರ 15ನೇ ತಿದ್ದುಪಡಿಯಲ್ಲಿ.

ಕೊಟ್ಟದ್ದನ್ನು ಕಸಿಯುವ ಯತ್ನವೂ ನಡೆಯಿತು. ತುರ್ತುಪರಿಸ್ಥಿತಿಯ 42ನೇ ತಿದ್ದುಪಡಿ, ಕೇಂದ್ರದ ಕಾನೂನುಗಳ ಸಿಂಧುತ್ವ ನೋಡದಂತೆ ಹೈಕೋರ್ಟುಗಳ ಕೈ ಕಟ್ಟಿತು. 43ನೇ ತಿದ್ದುಪಡಿ ಆ ಕಟ್ಟು ಬಿಚ್ಚಿತು. ಆದರೆ ನ್ಯಾಯಮಂಡಳಿಗಳ ದಾರಿ ಉಳಿದುಕೊಂಡಿತು. 1985ರ ಕಾಯ್ದೆಯಿಂದಾಗಿ ಸರ್ಕಾರಿ ನೌಕರರ ಸೇವಾ ವ್ಯಾಜ್ಯಗಳು ಹೈಕೋರ್ಟಿನಿಂದ ಆಚೆ ಹೋದವು. ಹೈಕೋರ್ಟಿನ ಪರಾಮರ್ಶೆಯ ಅಧಿಕಾರ ಸಂವಿಧಾನದ ಮೂಲ ಸಂರಚನೆಯ ಭಾಗ, ಅದನ್ನು ತೆಗೆಯಲಾಗದು ಎಂದು ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಸಾರಿದ್ದು 1997ರಲ್ಲಿ.

ಬಾಕಿ ಪ್ರಕರಣಗಳ ಹೊರೆ ಇಳಿಸಲು ನ್ಯಾಯಮಂಡಳಿಗಳು ಬೇಕು ಎಂಬ ವಾದದಲ್ಲಿ ಹುರುಳಿದೆ. ಅವು ಮೊದಲ ಬಾಗಿಲಾಗಲಿ. ಕೊನೆಯದಾಗಬಾರದು. ದೆಹಲಿಯ ಪ್ರಧಾನ ಪೀಠ ಕೊಟ್ಟ ಆದೇಶವನ್ನು ಕಲ್ಕತ್ತಾ ಹೈಕೋರ್ಟ್ ಪರಿಶೀಲಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಹಳೆಯ ಪ್ರಶ್ನೆಯೇ ಮರಳಿ ಬಂತು. ಕೆಲಸ ಮಾಡುವ ಊರೊಂದು, ಆದೇಶ ಹೊರಡುವ ಊರೊಂದು ಆಗಿರುವ ಲಕ್ಷಾಂತರ ನೌಕರರಿಗೆ ಇದು ಬರೀ ತಾಂತ್ರಿಕ ವಿಷಯವಲ್ಲ. ರೈಲು ಟಿಕೆಟ್, ವಕೀಲರ ಫೀಸು, ರಜೆ ಇವುಗಳ ಲೆಕ್ಕದಲ್ಲೇ ಅರ್ಧ ಜನ ಕೇಸು ಕೈಬಿಡುತ್ತಾರೆ.

ಪರಾಮರ್ಶೆಯ ಅಧಿಕಾರ ನ್ಯಾಯಮೂರ್ತಿಗಳ ಪ್ರತಿಷ್ಠೆಗಾಗಿ ಕೊಟ್ಟದ್ದಲ್ಲ. ಅದು ನಾಗರಿಕನ ಕೈಗೆ ಎಟುಕಬೇಕು. ಎಟುಕದ ಅಧಿಕಾರ ಗಂಜಾಂ ರೈತರಿಗೆ ಇದ್ದೂ ಇಲ್ಲದಂತಾಗಿತ್ತು.