ಎದೆಗಾರರ ಎದೆಯ ಗಂಟು

ಕನ್ನಡ ನುಡಿಯು ಗಂಡಸಿನ ಎದೆಗೆ ಕೊಟ್ಟಿರುವ ಗೌರವ ಸಾಮಾನ್ಯವಾದುದಲ್ಲ. ಧೈರ್ಯವುಳ್ಳವನು ಎದೆಗಾರ, ಅವನ ಗುಣ ಎದೆಗಾರಿಕೆ, ಕಷ್ಟ ಬಂದಾಗ ಅವನು ಎದೆಯೊಡ್ಡುತ್ತಾನೆ, ಗೆದ್ದಾಗ ಎದೆಯುಬ್ಬಿಸುತ್ತಾನೆ. ಆದರೆ ಅದೇ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟೊಂದು ಮೂಡಿತೆನ್ನಿ; ಎದೆಗಾರನ ಬಾಯಿ ಕಟ್ಟಿಹೋಗುತ್ತದೆ. ಬಚ್ಚಲಮನೆಯಲ್ಲಿ ಸಾಬೂನು ಹಚ್ಚುವಾಗ ಕೈಗೆ ತಾಗಿದ್ದನ್ನು ಅವನು ಹೆಂಡತಿಗೂ ಹೇಳುವುದಿಲ್ಲ. "ಕೊಬ್ಬಿನ ಗಂಟಿರಬೇಕು, ತಾನಾಗಿ ಕರಗೀತು" ಎಂದುಕೊಂಡು, ಬನಿಯನ್ನು ತೊಟ್ಟು ಕಚೇರಿಗೆ ಹೊರಡುತ್ತಾನೆ.

ಸ್ತನದ ಕ್ಯಾನ್ಸರ್ ಹೆಂಗಸರ ರೋಗವೆಂಬ ನಂಬಿಕೆ ಲೋಕದಲ್ಲಿ ಬೇರೂರಿದೆ. ಅದಕ್ಕೆ ಆಧಾರವಿಲ್ಲವೆಂದಲ್ಲ, ಈ ರೋಗಕ್ಕೆ ತುತ್ತಾಗುವ 100 ಮಂದಿಯಲ್ಲಿ ಸುಮಾರು 99 ಮಂದಿ ಸ್ತ್ರೀಯರೇ. ಉಳಿದ ಆ ಒಬ್ಬನಿಗೆ ಇಂಥ ರೋಗ ತನಗೂ ಬಂದೀತೆಂಬ ಊಹೆಯೇ ಇರುವುದಿಲ್ಲ. ರೋಗಕ್ಕಿಂತ ಮುಂಚೆ ಅವನನ್ನು ಕೆಡಿಸುವುದು ಈ ಅಜ್ಞಾನ.

ಹುಟ್ಟುವಾಗ ಗಂಡುಕೂಸಿಗೂ ಹೆಣ್ಣುಕೂಸಿಗೂ ಎದೆಯ ಈ ಭಾಗ ಒಂದೇ ತೆರನಾಗಿರುತ್ತದೆ. ಮೊಲೆತೊಟ್ಟಿನ ಹಿಂದೆ ಎಳೆಯಂಥ ಕೆಲವು ನಾಳಗಳು, ಅಷ್ಟೆ. ಹೆಣ್ಣು ಮೈನೆರೆಯುವಾಗ ಹಾರ್ಮೋನುಗಳ ಪ್ರೇರಣೆಯಿಂದ ಅವು ಕವಲೊಡೆದು ಬೆಳೆಯುತ್ತವೆ. ಗಂಡಿನಲ್ಲಿ ಇದ್ದಂತೆಯೇ ಉಳಿಯುತ್ತವೆ. ಬೆಳೆಯುವುದಿಲ್ಲ, ಹಾಗೆಂದು ಅಳಿಯುವುದೂ ಇಲ್ಲ. ನಾಳವಿದ್ದ ಮೇಲೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವವೂ ಉಂಟು. ಗಂಡಸಿನ ಎದೆಯಲ್ಲಿ ಆ ಭಾಗ ತೀರ ತೆಳುವಾದುದರಿಂದ ಗಂಟು ಬೆರಳಿಗೆ ಸುಲಭವಾಗಿ ಸಿಕ್ಕುತ್ತದೆ. ಅದೇ ಕಾರಣದಿಂದ ಮೇಲಿನ ಚರ್ಮವನ್ನೂ ಕೆಳಗಿನ ಸ್ನಾಯುವನ್ನೂ ಬೇಗನೆ ಹಿಡಿಯುತ್ತದೆ. ಇಷ್ಟು ಸುಲಭವಾಗಿ ಸಿಕ್ಕುವ ಗಂಟನ್ನು ವೈದ್ಯರಿಗೆ ತೋರಿಸಲು ಗಂಡಸರು ಹೆಂಗಸರಿಗಿಂತ ಹೆಚ್ಚು ತಡಮಾಡುತ್ತಾರೆ! ಅವರು ಬರುವ ಹೊತ್ತಿಗೆ ಎಷ್ಟೋ ವೇಳೆ ರೋಗ ಕಂಕುಳಿನ ಗ್ರಂಥಿಗಳನ್ನು ತಲುಪಿರುತ್ತದೆ.

ಅಮೆರಿಕದ ನಟ ರಿಚರ್ಡ್ ರೌಂಡ್‌ಟ್ರೀ 1971ರ 'ಶಾಫ್ಟ್' ಚಿತ್ರದಲ್ಲಿ ಯಾರಿಗೂ ಅಂಜದ ಪತ್ತೇದಾರನಾಗಿ ಹೆಸರು ಗಳಿಸಿದವರು. 1993ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಯಿತು, ಔಷಧೋಪಚಾರವೂ ಆಯಿತು. ಆದರೆ ತೆರೆಯ ಮೇಲಿನ ಆ ಧೀರ ಕೆಲವು ವರ್ಷಗಳ ಕಾಲ ಈ ಸಂಗತಿಯನ್ನು ಹೊರಗೆ ಬಿಡಲಿಲ್ಲ. ಪೌರುಷಕ್ಕೆ ಹೆಸರಾದ ಮುಖಕ್ಕೆ ಇಂಥ ಹೆಸರಿನ ರೋಗವನ್ನು ಅಂಟಿಸಿಕೊಳ್ಳುವುದು ಸುಲಭವೇ? ಅನಂತರ ಬಾಯಿಬಿಟ್ಟರು, ಇತರ ಗಂಡಸರನ್ನು ಎಚ್ಚರಿಸಿದರು. ಅವರು ತೀರಿಕೊಂಡದ್ದು 2023ರಲ್ಲಿ, ಬೇರೆಯೇ ಒಂದು ಕ್ಯಾನ್ಸರಿನಿಂದ. ಮೊದಲನೆಯದು ಗೊತ್ತಾಗಿ ಅಷ್ಟರಲ್ಲಿ 30 ವರ್ಷಗಳು ಸಂದಿದ್ದವು.

ಗಂಡಸರ ಎದೆಯ ಗಂಟೆಲ್ಲ ಕ್ಯಾನ್ಸರಲ್ಲ. ಹರೆಯದ ಹುಡುಗರಲ್ಲಿಯೂ ವಯಸ್ಸಾದವರಲ್ಲಿಯೂ ಎದೆ ತುಸು ಊದಿಕೊಳ್ಳುವುದು ಉಂಟು. ಕೆಲವು ಔಷಧಗಳಿಂದಲೂ ಹಾಗಾಗುತ್ತದೆ. ಇದು ಸಾಮಾನ್ಯವಾಗಿ ಮೆತ್ತಗಿದ್ದು, ಮುಟ್ಟಿದರೆ ನೋಯುತ್ತದೆ. ಅನುಮಾನಿಸಬೇಕಾದುದು ನೋವಿಲ್ಲದ ಗಟ್ಟಿ ಗಂಟನ್ನು. ನೋಯದಿದ್ದರೆ ಭಯವಿಲ್ಲವೆಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಅದು ಹೆಚ್ಚಾಗಿ ಮೊಲೆತೊಟ್ಟಿನ ಹಿಂದೆಯೇ, ಒಂದೇ ಮಗ್ಗುಲಲ್ಲಿ ಇರುತ್ತದೆ. ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ಅಲ್ಲಿಂದ ರಕ್ತ ಜಿನುಗುವುದು, ಆರದ ಹುಣ್ಣು, ಕಂಕುಳಿನಲ್ಲಿ ಗೆಡ್ಡೆ, ಇವೂ ಸೂಚನೆಗಳೇ. 60 ದಾಟಿದವರಲ್ಲಿ ಹೆಚ್ಚು. ಕುಡಿತದಿಂದ ಯಕೃತ್ತು ಕೆಟ್ಟವರಿಗೂ ಬೊಜ್ಜು ಬೆಳೆದವರಿಗೂ ಅಪಾಯ ತುಸು ಅಧಿಕ. ಅವರ ಮೈಯಲ್ಲಿ ಸ್ತ್ರೀ ಹಾರ್ಮೋನಿನ ಪ್ರಮಾಣ ಏರಿರುತ್ತದೆ.

ಶಸ್ತ್ರವೈದ್ಯರು ಮೊದಲು ಕೈಯಿಂದ ಮುಟ್ಟಿ ನೋಡುತ್ತಾರೆ. ಮ್ಯಾಮೊಗ್ರಾಂ ಎಂಬ ಕ್ಷಕಿರಣ ಚಿತ್ರವನ್ನು ಗಂಡಸರಿಗೂ ತೆಗೆಯುತ್ತಾರೆ. ಸೂಜಿಯಿಂದ ಗಂಟಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಚಿಕಿತ್ಸೆ ಬಹುಮಟ್ಟಿಗೆ ಹೆಂಗಸರದೇ: ಶಸ್ತ್ರಕ್ರಿಯೆ, ಅಗತ್ಯವಾದರೆ ವಿಕಿರಣ ಮತ್ತು ಔಷಧ. ಗಂಡಸರ ಗಂಟುಗಳಲ್ಲಿ 100ಕ್ಕೆ ಸುಮಾರು 90 ಹಾರ್ಮೋನಿನ ಬಲದಿಂದ ಬೆಳೆಯುವಂಥವಾದುದರಿಂದ ಟ್ಯಾಮಾಕ್ಸಿಫೆನ್ ಎಂಬ ಗುಳಿಗೆಯನ್ನು ಕೆಲವು ವರ್ಷ ನುಂಗಬೇಕಾಗುತ್ತದೆ.

ಇನ್ನು ಮನೆಮಂದಿಯೆಲ್ಲ ತಿಳಿಯಬೇಕಾದ ಸಂಗತಿಯೊಂದಿದೆ. ಗಾಯಕಿ ಬಿಯಾನ್ಸೆಯ ತಂದೆ ಮ್ಯಾಥ್ಯೂ ನೋಲ್ಸ್ 2019ರಲ್ಲಿ ತಮ್ಮ ಬಿಳಿ ಅಂಗಿಯ ಮೇಲೆ ರಕ್ತದ ಚುಕ್ಕೆಯೊಂದನ್ನು ಕಂಡರು. ಮತ್ತೆ ಕೆಲವು ದಿನ ಅದೇ ಚುಕ್ಕೆ. ಹಾಸಿಗೆಯಲ್ಲಿ ಗಂಡ ಮಲಗುವ ಮಗ್ಗುಲಿನ ಬಟ್ಟೆಯ ಮೇಲೆ ಅಂಥದೇ ಕಲೆಗಳನ್ನು ಹೆಂಡತಿಯೂ ಕಂಡಿದ್ದರು. ಬಟ್ಟೆ ಒಗೆಯುವವರ ಕಣ್ಣಿಗೆ ಬೀಳದ ಕಲೆಯುಂಟೆ! ಪರೀಕ್ಷೆಯಲ್ಲಿ ಕ್ಯಾನ್ಸರ್ ಹೊರಬಿತ್ತು. ಅದರ ಜೊತೆಗೆ, ಬಿಆರ್‌ಸಿಎ-2 ಎಂಬ ಜೀನಿನಲ್ಲಿ ಅವರಿಗೆ ಹುಟ್ಟಿನಿಂದ ಬಂದ ದೋಷವೂ. ನೋಲ್ಸ್ ಈ ವಿಷಯವನ್ನು ಮಕ್ಕಳಿಂದ ಮುಚ್ಚಿಡಲಿಲ್ಲ.

ಈ ದೋಷವುಳ್ಳ 100 ಮಂದಿ ಗಂಡಸರಲ್ಲಿ ಸುಮಾರು 7 ಮಂದಿಗೆ ಬಾಳಿನಲ್ಲಿ ಎಂದಾದರೂ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ; ಹೆಂಗಸರಲ್ಲಿ ಆ ಪ್ರಮಾಣ ಇನ್ನೂ ಎಷ್ಟೋ ಹೆಚ್ಚು, ಅದರೊಡನೆ ಅಂಡಾಶಯದ ಕ್ಯಾನ್ಸರಿನ ಭಯ ಬೇರೆ. ತಂದೆಯಲ್ಲಿರುವ ದೋಷ ಪ್ರತಿಯೊಂದು ಮಗುವಿಗೂ, ಮಗನಾಗಲಿ ಮಗಳಾಗಲಿ, ಇಳಿಯುವ ಸಂಭವ ಸರಿಯಾಗಿ ಅರ್ಧ. ತಾಯಿಯ ಕಡೆಯ ಕಾಯಿಲೆಗಳನ್ನಷ್ಟೇ ಕೇಳುವ ವಾಡಿಕೆಯಿಂದ ಇದು ತಪ್ಪಿಹೋಗುತ್ತದೆ. ಮಗಳ ಸಂಬಂಧ ಕೂಡಿಬರಲಾರದೆಂದು ತಂದೆಯ ಕ್ಯಾನ್ಸರನ್ನು ನೆಂಟರಿಷ್ಟರಿಂದ ಮುಚ್ಚಿಡುವ ಮನೆಗಳೂ ಈ ನಾಡಿನಲ್ಲಿವೆ. ನೆಂಟರ ಮಾತು ಹಾಗಿರಲಿ, ಮಗಳಿಗೇ ತಿಳಿಯದಿದ್ದರೆ? ಸ್ತನ ಕ್ಯಾನ್ಸರ್ ಬಂದ ಗಂಡಸಿಗೆ ಈ ಜೀನಿನ ಪರೀಕ್ಷೆಯನ್ನೂ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಅವನಲ್ಲಿ ದೋಷ ಕಂಡರೆ ಮಕ್ಕಳಿಗೂ ರಕ್ತಪರೀಕ್ಷೆ ಸಾಧ್ಯ. ತನಗೂ ಅದು ಬಂದಿದೆಯೆಂದು ತಿಳಿದ ಹೆಣ್ಣುಮಗಳು ಇತರರಂತೆ ನಡುವಯಸ್ಸಿನವರೆಗೆ ಕಾಯದೆ, 30ರೊಳಗೇ ವರ್ಷಕ್ಕೊಮ್ಮೆ ತಪಾಸಣೆಯನ್ನು ಆರಂಭಿಸಬಹುದು.